‘ದೊಡಪ’ ಎಂದು ಬರೆದ ಮಗಳನ್ನು ಶಾಲೆಗೆ ಕಳಿಸಲೇ?

(ಈ ಪತ್ರ, ಉತ್ತರ ಎರಡೂ 2021ರ ಅಕ್ಟೋಬರ್ ಕೊನೆಯವು. ಲಸಿಕೆ, ಮಾಸ್ಕು, ಶಾಲೆಯ ನಿಯಮಗಳೆಲ್ಲ ಆಗಿನವು.)

ಅಕ್ಕೋರಿಗೆ ನಮಸ್ಕಾರ. ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಒಂದಷ್ಟು ಅಡಿಕೆ ತೋಟ, ಎರಡು ದನ. ಮನೆಯಲ್ಲಿ ನಾವಿಬ್ಬರು, ಇಬ್ಬರು ಮಕ್ಕಳು, ಎಪ್ಪತ್ನಾಲ್ಕು ವರ್ಷದ ಅತ್ತೆ, ಮತ್ತೆ ನನ್ನ ಓರಗಿತ್ತಿ. ಬಾವ ಈ ವರ್ಷ ಮೇ ತಿಂಗಳಲ್ಲಿ ಕೊರೊನಾದಿಂದ ತೀರಿಕೊಂಡರು. ಆಂಬುಲೆನ್ಸಿನಲ್ಲಿ ಜೊತೆಗೆ ಹೋದವರು ನಮ್ಮ ಮನೆಯವರೇ. ಒಂಬತ್ತು ದಿನ ಆಸ್ಪತ್ರೆ ಹೊರಗೆ ಕೂತಿದ್ದರು. ಕೊನೆಗೆ ಅಣ್ಣನ ಮುಖವೂ ನೋಡಲಿಕ್ಕೆ ಸಿಗಲಿಲ್ಲ.

ಮಗ ಏಳನೇ ಕ್ಲಾಸು. ಸೆಪ್ಟೆಂಬರಿನಿಂದ ಬಸ್ಸಿನಲ್ಲಿ ಪೇಟೆ ಶಾಲೆಗೆ ಹೋಗಿ ಬರುತ್ತಾನೆ. ಮಗಳು ಮೂರನೇ ಕ್ಲಾಸು. ಶಾಲೆ ಮುಚ್ಚಿದಾಗ ಒಂದನೇ ಕ್ಲಾಸಿನಲ್ಲಿದ್ದಳು. ಊರಿನ ಶಾಲೆ ಈ ಸೋಮವಾರ ಶುರುವಾಗಿದೆ. ಹದಿನಾಲ್ಕು ಮಕ್ಕಳು, ಒಬ್ಬರೇ ಟೀಚರು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಕೊಡಿ ಅಂದಿದ್ದಾರೆ. ಇವರು ‘ಮಕ್ಕಳಿಗೂ ಲಸಿಕೆ ಬರುವ ತನಕ ಇಲ್ಲ’ ಅಂತ ಆ ಪತ್ರವನ್ನು ಕಪಾಟಿನ ಮೇಲೆ ಇಟ್ಟುಬಿಟ್ಟಿದ್ದಾರೆ. ಮಗಳು ಬೆಳಿಗ್ಗೆ ದಣಪೆ ಹತ್ತಿರ ನಿಂತು ಬೇರೆ ಮಕ್ಕಳು ಹೋಗೋದನ್ನು ನೋಡುತ್ತಾಳೆ.

ಹೋದ ವಾರ ಬಾವನ ಫೋಟೋ ಕೆಳಗೆ ಅವಳೇ ಒಂದು ಚೀಟಿ ಅಂಟಿಸಿದಳು. ‘ದೊಡಪ’ ಅಂತ ಬರೆದಿದ್ದಾಳೆ. ಒತ್ತಕ್ಷರವೇ ಬರೋದಿಲ್ಲ ಅವಳಿಗೆ. ಇವರು ಅದನ್ನು ನೋಡಿ ಏನೂ ಹೇಳದೆ ತೋಟಕ್ಕೆ ಹೋದರು. ನಾನೇ ಸಹಿ ಹಾಕಿ, ಇವರು ತೋಟಕ್ಕೆ ಹೋದ ಮೇಲೆ ಕಳಿಸಿಬಿಡಲಾ? ಇನ್ನೊಂದು, ಮಾಸ್ಕಿಗೂ ದಿನಾ ಮಾತು. ಎರಡೆರಡು ಹಾಕಿಸಬೇಕು ಅಂತ ಇವರು, ಉಸಿರು ಕಟ್ಟುತ್ತೆ ಅಂತ ಅತ್ತೆ. ಅತ್ತೆಗೆ ದಮ್ಮು ಇದೆ. ಏಪ್ರಿಲಿನಲ್ಲಿ ಒಂದು ಡೋಸ್ ಆಗಿತ್ತು. ಬಾವ ಹೋದ ಮೇಲೆ ‘ನಂಗ್ಯಾಕೆ ಇನ್ನು ಸೂಜಿ’ ಅಂತ ಎರಡನೆಯದು ಬೇಡ ಅಂದರು.

— ಒಬ್ಬ ತಾಯಿ, ಹೊಸನಗರ ತಾಲ್ಲೂಕು

ತಂಗೀ,

ನಿಮ್ಮ ಪತ್ರ ಓದುತ್ತಾ ಆ ಮೂರು ಅಕ್ಷರ ಬಂದ ಕಡೆ ಮುಂದಕ್ಕೆ ಹೋಗಲು ಆಗಲಿಲ್ಲ. ದೊಡಪ. ಮೂವತ್ತೊಂದು ವರ್ಷ ಸಣ್ಣ ಮಕ್ಕಳಿಗೆ ಅಕ್ಷರ ತಿದ್ದಿಸಿದವಳು ನಾನು. ನಿಮ್ಮ ಮಗಳು ತಪ್ಪು ಬರೆದಿಲ್ಲ. ಅವಳಿಗೆ ಕಲಿಸಿದಷ್ಟನ್ನು ಸರಿಯಾಗಿಯೇ ಬರೆದಿದ್ದಾಳೆ. ದಕ್ಕೆ ಒಕಾರ ಕೊಟ್ಟಿದ್ದಾಳೆ ನೋಡಿ, ಅಂದರೆ ಕಾಗುಣಿತ ಕೈಗೆ ಹತ್ತಿದೆ. 2020ರ ಮಾರ್ಚಿನಲ್ಲಿ ಶಾಲೆಯ ಬಾಗಿಲು ಮುಚ್ಚಿದಾಗ ಅವಳು ಒತ್ತಕ್ಷರದ ಹೊಸ್ತಿಲ ಮೇಲೆ ನಿಂತಿದ್ದಳು. ಒಂದೂವರೆ ವರ್ಷದ ಮೇಲೂ ಅಲ್ಲೇ ನಿಂತಿದ್ದಾಳೆ. ಅಮ್ಮ, ಅಪ್ಪ, ಅಜ್ಜಿ, ಅಣ್ಣ, ದೊಡ್ಡಪ್ಪ, ಅವಳ ಪ್ರೀತಿಯವರ ಹೆಸರಿಗೆಲ್ಲ ಒತ್ತು ಬೇಕು. ಒಂದನ್ನೂ ಅವಳು ಪೂರ್ತಿ ಬರೆಯಲಾರಳು.

ಹಾಗಾಗಿ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಅವಳನ್ನು ಶಾಲೆಗೆ ಕಳಿಸಿ. ಆದರೆ ನಿಮ್ಮ ಯಜಮಾನರ ಕಣ್ಣು ತಪ್ಪಿಸಿ ಕಳಿಸಬೇಡಿ. ಪೋಷಕರ ಸಹಿ ಅಂದರೆ ತಾಯಿಯ ಸಹಿಯೂ ಸಹಿಯೇ, ಟೀಚರು ಬೇಡ ಅನ್ನುವುದಿಲ್ಲ. ಆದರೆ ಎಂಟು ವರ್ಷದ ಮಗುವಿಗೆ ‘ಅಪ್ಪನಿಗೆ ಹೇಳಬೇಡ’ ಎಂದು ಕಲಿಸಿ ಶಾಲೆಗೆ ಕಳಿಸಿದರೆ, ಅದು ಬಾಯಿ ಮುಚ್ಚಿಕೊಂಡು, ಹೆದರಿಕೊಂಡು ಹೋಗುತ್ತದೆ. ಸಂಜೆ ಅಪ್ಪ ಬಂದಾಗ ಬ್ಯಾಗು ಎಲ್ಲಿ ಬಚ್ಚಿಡಲಿ ಎಂದು ಯೋಚಿಸುತ್ತದೆ. ಇಷ್ಟು ದಿನ ಕಾದ ಮೇಲೆ ಶಾಲೆಯ ಮೊದಲ ದಿನ ಅವಳಿಗೆ ಹೀಗೆ ಸಿಗಬಾರದು.

ನಿಮ್ಮ ಮನೆಯವರನ್ನು ಹಟಮಾರಿ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ನನ್ನ ಚಿಕ್ಕಮ್ಮನ ಮಗನೂ ಇದೇ ಮೇ ತಿಂಗಳಲ್ಲಿ ಹೋದ. ತಿಥಿಗೆ ನಾಲ್ಕೇ ಜನ. ಅಡುಗೆ ಮಾಡಿದವರೇ ಬಡಿಸಿ, ಬಡಿಸಿದವರೇ ಉಂಡು ಎದ್ದೆವು. ಸಾವಿನ ಮನೆಗೆ ಊರು ಬಂದು ಕೂತು, ಹೋದವರ ಮಾತಾಡಿ, ಅತ್ತು ಹಗುರಾಗುವ ಪದ್ಧತಿ ನಮ್ಮದು. ಅದೊಂದೂ ಆ ತಿಂಗಳು ನಡೆಯಲಿಲ್ಲ. ಒಂಬತ್ತು ದಿನ ಆಸ್ಪತ್ರೆಯ ಹೊರಗೆ ಕೂತು, ಅಣ್ಣನ ಮುಖವನ್ನೂ ಕಾಣದೆ ವಾಪಸು ಬಂದ ಮನುಷ್ಯ ಆ ದಿನಗಳನ್ನು ಯಾರ ಹತ್ತಿರವಾದರೂ ಹೇಳಿಕೊಂಡಿದ್ದಾರೆಯೇ? ಪತ್ರದಲ್ಲಿ ಅದಿಲ್ಲ. ಚೀಟಿ ನೋಡಿ ಮಾತಾಡದೆ ತೋಟಕ್ಕೆ ಹೋದರು ಎಂದಿದ್ದೀರಿ. ಅವರಿಗೆ ಅಲ್ಲಿ ಒತ್ತಕ್ಷರ ಬಿಟ್ಟುಹೋದದ್ದು ಕಂಡಿರಲಿಕ್ಕಿಲ್ಲ, ಅಣ್ಣನೇ ಕಂಡಿರಬೇಕು.

ಒಂದು ಮಾತು ಗಮನಿಸಿದಿರಾ? ನಿಮ್ಮ ಮಗ ಸೆಪ್ಟೆಂಬರಿನಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಾನೆ. ಬೆಳಗಿನ ಬಸ್ಸು ಹೇಗಿರುತ್ತದೆಂದು ನನಗೆ ಗೊತ್ತು, ಫುಟ್‌ಬೋರ್ಡಿನ ತನಕ ಜನ. ನಿಮ್ಮ ಯಜಮಾನರೂ ಮಂಡಿಗೆ, ಸೊಸೈಟಿಗೆ ಹೋಗಿ ಬರಲೇಬೇಕು. ರೋಗ ಮನೆಯೊಳಗೆ ಬರಬೇಕೆಂದಿದ್ದರೆ ಈ ಎರಡು ದಾರಿ ಎರಡು ತಿಂಗಳಿನಿಂದ ತೆರೆದೇ ಇವೆ. ಮೂರನೇ ಕ್ಲಾಸಿನ ಹುಡುಗಿ ಹದಿನಾಲ್ಕು ಮಕ್ಕಳ ಜೊತೆ, ನಡೆದು ಹೋಗುವಷ್ಟು ದೂರದ ಶಾಲೆಯಲ್ಲಿ ಕೂರುವುದು ಆ ಬಸ್ಸಿಗಿಂತ ಅಪಾಯವಲ್ಲ. ಇದು ಲೆಕ್ಕಕ್ಕೆ ಬಗ್ಗುವ ಭಯವಾಗಿದ್ದರೆ ನಿಮ್ಮ ಮನೆಯವರೇ ಈ ಲೆಕ್ಕ ಹಾಕಿರುತ್ತಿದ್ದರು. ಅವರ ಭಯವೆಲ್ಲ ಆ ಚಿಕ್ಕವಳ ಮೇಲೆ ಬಂದು ಕೂತಿದೆ. ಅವಳು ದೊಡ್ಡಪ್ಪನ ಮುದ್ದಿನ ಕೂಸಾಗಿದ್ದಳೇನೋ. ಇದು ನನ್ನ ಊಹೆ, ನಿಜ ನಿಮಗೇ ಗೊತ್ತು.

ಆದ್ದರಿಂದ ಮೊದಲು ಶಾಲೆಯ ಮಾತೆತ್ತಬೇಡಿ. ಒಂದು ರಾತ್ರಿ ಊಟವಾಗಿ ಮಕ್ಕಳು ಮಲಗಿದ ಮೇಲೆ, ‘ಆ ಒಂಬತ್ತು ದಿನ ಅಲ್ಲಿ ಹೇಗಿದ್ರಿ, ಊಟ ಎಲ್ಲಿ ಮಾಡ್ತಿದ್ರಿ’ ಎಂದು ಕೇಳಿ. ಬೇರೇನೂ ಬೇಡ. ಹೇಳಿದರೆ ಕೇಳಿಸಿಕೊಳ್ಳಿ, ಹೇಳದಿದ್ದರೆ ಎದ್ದು ಹೋಗದೆ ಅಲ್ಲೇ ಕೂತಿರಿ. ಶಾಲೆಯ ಮಾತು ಮರುದಿನಕ್ಕಿರಲಿ.

ಮರುದಿನ ಏನು ಹೇಳಬೇಕೆಂದು ಕೇಳುತ್ತೀರಿ. ‘ಲಸಿಕೆ ಬರುವ ತನಕ’ ಎನ್ನುವ ಮಾತಿಗೆ ಗಡುವಿಲ್ಲ ಎಂದು ಹೇಳಿ. ಹನ್ನೆರಡು ದಾಟಿದ ಮಕ್ಕಳಿಗೂ ಕೊಡಬಹುದಾದ ಒಂದು ಲಸಿಕೆಗೆ ಆಗಸ್ಟಿನಲ್ಲಿ ಅನುಮತಿ ಸಿಕ್ಕಿದೆ, ಇನ್ನೂ ಮಕ್ಕಳಿಗೆ ಕೊಡಲು ಶುರುವಾಗಿಲ್ಲ. ಎಂಟು ವರ್ಷದವರ ಸರದಿ ಯಾವಾಗ ಬರುತ್ತದೋ ಹೇಳುವಂತಿಲ್ಲ. ಹಾಗೆ ಕಾಯುತ್ತಾ ಹೋದರೆ ಅವಳು ಒತ್ತಕ್ಷರ ಬಾರದೆ ಐದನೇ ಕ್ಲಾಸು ಮುಟ್ಟುತ್ತಾಳೆ.

ಇನ್ನೊಂದು ಸಂಗತಿಯನ್ನೂ ಹೇಳಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು (ಐಸಿಎಂಆರ್) 2021ರ ಜೂನ್, ಜುಲೈನಲ್ಲಿ ದೇಶದ 70 ಜಿಲ್ಲೆಗಳಲ್ಲಿ ಜನರ ರಕ್ತ ಪರೀಕ್ಷೆ ಮಾಡಿ ನೋಡಿದರು. 6ರಿಂದ 9 ವರ್ಷದ ಮಕ್ಕಳಲ್ಲಿ ಶೇ 57.2, 10ರಿಂದ 17ರವರಲ್ಲಿ ಶೇ 61.6 ಮಂದಿಯ ರಕ್ತದಲ್ಲಿ ಕೊರೊನಾ ವಿರುದ್ಧದ ಪ್ರತಿಕಾಯ ಸಿಕ್ಕಿತು. ಶಾಲೆಗಳು ಬಹುಪಾಲು ಮುಚ್ಚಿದ್ದಾಗಲೇ, ಮಕ್ಕಳು ಹೆಚ್ಚಾಗಿ ಮನೆಯಲ್ಲೇ ಇದ್ದಾಗಲೇ, ಅರ್ಧಕ್ಕಿಂತ ಹೆಚ್ಚು ಮಕ್ಕಳನ್ನು ಈ ವೈರಸ್ಸು ಮುಟ್ಟಿ ಹೋಗಿತ್ತು. ಬಹುಪಾಲು ತಾಯಂದಿರಿಗೆ ಅದು ಗೊತ್ತೂ ಆಗಿರಲಿಲ್ಲ. ಆ ಸಂಸ್ಥೆಯ ಆಗಿನ ಮುಖ್ಯಸ್ಥ ಡಾ. ಬಲರಾಮ್ ಭಾರ್ಗವ ಅವರು, ಶಾಲೆ ತೆರೆಯುವುದಾದರೆ ಪ್ರೈಮರಿಯಿಂದಲೇ ಶುರುಮಾಡುವುದು ಒಳ್ಳೆಯದು, ಸಣ್ಣ ಮಕ್ಕಳು ಈ ಸೋಂಕನ್ನು ದೊಡ್ಡವರಿಗಿಂತ ಚೆನ್ನಾಗಿ ತಾಳಿಕೊಳ್ಳುತ್ತಾರೆ ಎಂದು ಜುಲೈನಲ್ಲೇ ಹೇಳಿದ್ದರು. ನಮ್ಮಲ್ಲಿ ನಡೆದದ್ದು ಅದರ ತಿರುವುಮುರುವು. ಆಗಸ್ಟ್ 23ಕ್ಕೆ ದೊಡ್ಡ ಮಕ್ಕಳು ಹೋದರು, ಸೆಪ್ಟೆಂಬರ್ 6ಕ್ಕೆ ನಿಮ್ಮ ಮಗನ ಓರಗೆಯವರು, ಅಕ್ಷರ ಕಲಿಯುವ ಪುಟ್ಟವರಿಗೆ ಅಕ್ಟೋಬರ್ 25ರ ತನಕ ಕಾಯಬೇಕಾಯಿತು. ಫೋನಿನಲ್ಲಿ ಪಾಠ ಕೇಳಿ ಕಲಿಯಲಾರದವರನ್ನೇ ಎಲ್ಲರಿಗಿಂತ ಹೆಚ್ಚು ದಿನ ಮನೆಯಲ್ಲಿ ಕೂರಿಸಿದೆವು. ಇದು ನನಗೆ ಇವತ್ತಿಗೂ ಹೊಟ್ಟೆಯುರಿಯುವ ವಿಷಯ. ನಮ್ಮ ಕಡೆ ದೊಡ್ಡ ಮಕ್ಕಳಾದರೂ ಛತ್ರಿ ಹಿಡಿದು ಗುಡ್ಡ ಹತ್ತಿ ನೆಟ್‌ವರ್ಕ್ ಹುಡುಕಿಕೊಂಡರು. ಒಂದನೇ ಕ್ಲಾಸಿನ ಮಗು ಗುಡ್ಡ ಹತ್ತಿ ಏನು ಕಲಿತೀತು?

ಮಕ್ಕಳಿಗೆ ಏನೂ ಆಗುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ, ನೀವೂ ಹಾಗೆ ಹೇಳಬೇಡಿ. ಅಪರೂಪಕ್ಕೆ ಆಗುತ್ತದೆ. ನಿಮ್ಮ ಮಗಳಿಗೆ ಹೃದಯದ ತೊಂದರೆ, ಉಬ್ಬಸ, ಅಂಥದ್ದೇನಾದರೂ ಇದ್ದರೆ ಡಾಕ್ಟರನ್ನು ಕೇಳಿಯೇ ಕಳಿಸಿ. ಮನೆಯಲ್ಲಿ ಯಾರಿಗಾದರೂ ಕೊರೊನಾ ಬಂದು ಹೋದ ಎರಡರಿಂದ ಆರು ವಾರದೊಳಗೆ ಮಗುವಿಗೆ ಬಿಡದ ಜ್ವರ, ಮೈಮೇಲೆ ಗಂಧೆ, ಕೆಂಗಣ್ಣು, ಹೊಟ್ಟೆನೋವು ಬಂದರೆ ಕಷಾಯ ಕುಡಿಸಿಕೊಂಡು ಕೂರದೆ ಆಸ್ಪತ್ರೆಗೆ ಓಡಿ. ಇಷ್ಟು ಎಚ್ಚರ ಸಾಕು.

ನಿಜವಾದ ಅಪಾಯ ಇರುವುದು ನಿಮ್ಮ ಅತ್ತೆಗೆ. ಎಪ್ಪತ್ನಾಲ್ಕು ವರ್ಷ, ದಮ್ಮು, ಒಂದೇ ಡೋಸು. ಪತ್ರದ ಕೊನೆಯಲ್ಲಿ ನೀವು ಎರಡೇ ಸಾಲು ಬರೆದು ಬಿಟ್ಟ ಈ ವಿಷಯಕ್ಕೇ ನಾನು ನಿಮ್ಮ ಕೈ ಹಿಡಿದು ಹೇಳಬೇಕಾಗಿದೆ. ಅಜ್ಜಿಯನ್ನು ಕಾಪಾಡಲಿಕ್ಕೆ ಮೊಮ್ಮಗಳನ್ನು ಮನೆಯಲ್ಲಿ ಕಟ್ಟಿಹಾಕುತ್ತಿದ್ದೀರಿ. ಅಜ್ಜಿಯನ್ನು ಕಾಪಾಡುವ ಸೂಜಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಇದೆ. ಹೊತ್ತು ಮೀರಿತು, ಇನ್ನು ಮೊದಲಿನಿಂದ ಹಾಕಿಸಬೇಕೇನೋ ಎಂಬ ಅನುಮಾನ ಬೇಡ. ಮೊದಲ ಡೋಸ್ ಯಾವ ಲಸಿಕೆಯೋ ಅದರದ್ದೇ ಎರಡನೆಯದು ಹಾಕಿಸಿದರಾಯಿತು. ಕೋವಿಶೀಲ್ಡ್ ಆದರೆ ಹನ್ನೆರಡರಿಂದ ಹದಿನಾರು ವಾರಕ್ಕೆ ಎನ್ನುತ್ತಾರೆ, ತಡವಾದರೂ ನಡೆಯುತ್ತದೆ. ಹೋದ ಗುರುವಾರ ದೇಶದಲ್ಲಿ ನೂರು ಕೋಟಿ ಡೋಸ್ ಮುಗಿಯಿತು. ಅದರಲ್ಲಿ ನಿಮ್ಮ ಅತ್ತೆಯದು ಒಂದೇ ಇದೆ ಎನ್ನುವುದು ನನ್ನ ಸಂಕಟ.

ಆದರೆ ‘ನಂಗ್ಯಾಕೆ ಇನ್ನು ಸೂಜಿ’ ಎನ್ನುವ ತಾಯಿಗೆ ಈ ಲೆಕ್ಕ ನಾಟುವುದಿಲ್ಲ. ಮಗ ಹೋದ ಮೇಲೆ ತಾನಿರುವುದೇ ತಪ್ಪು ಅನ್ನಿಸಿರುತ್ತದೆ ಅವರಿಗೆ. ನಿಮ್ಮ ಮನೆಯಲ್ಲಿ ಇನ್ನೊಬ್ಬರಿದ್ದಾರಲ್ಲ, ನಿಮ್ಮ ಓರಗಿತ್ತಿ. ಪತ್ರದಲ್ಲಿ ಅವರ ಹೆಸರು ಒಂದೇ ಸಲ ಬಂದಿದೆ. ಶಾಲೆಯ ವಿಷಯಕ್ಕೂ ಅಜ್ಜಿಯ ವಿಷಯಕ್ಕೂ ಅವರನ್ನು ಯಾರೂ ಏನೂ ಕೇಳಿದಂತಿಲ್ಲ. ‘ಅಕ್ಕಾ, ಅತ್ತೆನ ನೀನೇ ಕರ್ಕೊಂಡು ಹೋಗಿ ಸೂಜಿ ಹಾಕಿಸ್ಕೊಂಡು ಬರ್ತೀಯಾ’ ಎಂದು ಕೇಳಿ ನೋಡಿ. ಗಂಡನನ್ನು ಕಳಕೊಂಡವಳು, ಮಗನನ್ನು ಕಳಕೊಂಡವಳು, ಇಬ್ಬರೂ ಒಂದೇ ಆಟೋದಲ್ಲಿ ಕೂತು ಹೋಗಿ ಬರಲಿ. ಅತ್ತೆ ನಿಮಗೆ ಬೇಡ ಎಂದಾರು. ಅವಳಿಗೆ ಬೇಡ ಎನ್ನುವುದು ಕಷ್ಟ.

ನಾವು ಮಲೆನಾಡಿನವರು, ರೋಗದ ಜೊತೆ ಬಾಳುವುದು ನಮಗೆ ಗೊತ್ತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗಿನಿಂದ ಉಣುಗು (ಉಣ್ಣಿ) ಕಚ್ಚಿ ಬರುವ ಮಂಗನ ಕಾಯಿಲೆ ನಮ್ಮ ಹಿತ್ತಿಲಲ್ಲೇ ಇದೆ. ಎರಡು ವರ್ಷದ ಹಿಂದೆಯಷ್ಟೇ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಅದು ಎಷ್ಟು ಮನೆಗಳಿಗೆ ಕಣ್ಣೀರು ತಂದಿತು ಎಂದು ನಿಮ್ಮೂರಿನವರಿಗೆ ನಾನು ಹೇಳಬೇಕಾಗಿಲ್ಲ. ಹಾಗೆಂದು ಸೊಪ್ಪಿಗೆ, ತರಗಿಗೆ ಹೋಗುವುದನ್ನು ಪೂರಾ ಬಿಟ್ಟೆವೇ? ಸೊಪ್ಪಿಲ್ಲದೆ ಕೊಟ್ಟಿಗೆ ನಡೆಯುತ್ತದೆಯೇ? ಕೈಕಾಲಿಗೆ ಉಣುಗು ಹತ್ತಗೊಡದ ಡಿಎಂಪಿ ಎಣ್ಣೆ ಹಚ್ಚಿಕೊಂಡು, ಮೈತುಂಬ ಬಟ್ಟೆ ತೊಟ್ಟು, ಮಂಗ ಸತ್ತ ದಿಕ್ಕಿಗೆ ಕಾಲಿಡದೆ, ಮನೆಗೆ ಬಂದ ಮೇಲೆ ಬಿಸಿನೀರು ಹುಯ್ದುಕೊಂಡು, ಮೈಮೇಲೆ ಉಣುಗು ಇದೆಯೇ ಎಂದು ಒಬ್ಬರಿಗೊಬ್ಬರು ನೋಡಿಕೊಂಡೆವು. ಎರಡು ರೋಗವೂ ಒಂದೇ ಅಲ್ಲ, ಅದು ಮನುಷ್ಯರಿಂದ ಮನುಷ್ಯರಿಗೆ ಹಬ್ಬುವುದಿಲ್ಲ, ಇದು ಉಸಿರಿನಲ್ಲೇ ಹಬ್ಬುತ್ತದೆ. ಆದರೆ ಹೋಗಲೇಬೇಕಾದ ಕಡೆಗೆ ಎಣ್ಣೆ ಹಚ್ಚಿಕೊಂಡು ಹೋಗುವ ಬುದ್ಧಿ ಎರಡಕ್ಕೂ ಒಂದೇ. ನಿಮ್ಮ ಯಜಮಾನರಿಗೆ ಈ ಮಾತು ನನಗಿಂತ ಚೆನ್ನಾಗಿ ಅರ್ಥವಾಗುತ್ತದೆ.

ಉಸಿರಿನಲ್ಲಿ ಹಬ್ಬುವ ರೋಗಕ್ಕೆ ಶಾಲೆಯಲ್ಲಿ ನೋಡಬೇಕಾದದ್ದು ಕಿಟಕಿ. ಬೆಂಚಿಗೆ ಔಷಧಿ ಹೊಡೆದರೋ ಇಲ್ಲವೋ ಎಂಬುದು ಆಮೇಲಿನ ಮಾತು. ಹೆಂಚಿನ ಮಾಡಿನ ಹಳೇ ಶಾಲೆಗಳಲ್ಲಿ ಗಾಳಿ ಚೆನ್ನಾಗಿ ಆಡುತ್ತದೆ, ಆದರೆ ಮಳೆ ಬಂದರೆ ಇರಚಲು ಹೊಡೆಯುತ್ತದೆ ಎಂದು ಎಲ್ಲ ಕಿಟಕಿಯನ್ನೂ ಮುಚ್ಚಿಬಿಡುತ್ತಾರೆ. ಮುಚ್ಚಿದ ಕೋಣೆಯಲ್ಲಿ ಒಬ್ಬರ ಉಸಿರೇ ಹದಿನಾಲ್ಕು ಜನಕ್ಕೂ. ಮಳೆ ಹೊಡೆಯದ ಮಗ್ಗುಲಿನ ಕಿಟಕಿ, ಬಾಗಿಲು ಯಾವಾಗಲೂ ತೆರೆದಿರಬೇಕು. ಹೊಡೆಯುವ ಕಡೆಗೆ ಒಂದು ಸೋಗೆ ತಟ್ಟಿ ಕಟ್ಟಿಕೊಟ್ಟರೆ ಅಲ್ಲಿಯೂ ಅರ್ಧ ತೆರೆಯಬಹುದು. ಅಡಿಕೆ ತೋಟದವರಿಗೆ ಸೋಗೆಗೇನು ಬರ? ನಿಮ್ಮ ಮನೆಯವರನ್ನು ಒಂದು ಬೆಳಿಗ್ಗೆ ‘ಬನ್ನಿ, ಶಾಲೆ ಹೆಂಗಿದೆ ನೋಡ್ಕೊಂಡು ಬರೋಣ, ನಿಮಗೆ ಸರಿ ಕಾಣದಿದ್ರೆ ಕಳಿಸೋದು ಬೇಡ’ ಎಂದು ಕರೆದುಕೊಂಡು ಹೋಗಿ. ಟೀಚರಿಗೆ ಎರಡೂ ಡೋಸ್ ಆಗಿದೆಯಾ ಎಂದು ಅವರೇ ಕೇಳಲಿ. ಆಗಿರಲೇಬೇಕು ಎಂಬ ನಿಯಮವಿದೆ, ಕೇಳಿದರೆ ಟೀಚರೇನೂ ಬೇಜಾರು ಮಾಡಿಕೊಳ್ಳುವುದಿಲ್ಲ. ಕಿಟಕಿಯನ್ನು ಅವರೇ ತೆರೆದು ಮುಚ್ಚಿ ನೋಡಲಿ. ಆಸ್ಪತ್ರೆಯ ಹೊರಗೆ ಒಂಬತ್ತು ದಿನ ಕೈಕಟ್ಟಿ ಕೂತವರಿಗೆ ಇಲ್ಲಿ ಕೈಯಾರೆ ಮಾಡುವುದು ಏನಾದರೂ ಸಿಗಲಿ. ತಟ್ಟಿ ಅವರೇ ಕಟ್ಟಲಿ.

ಇನ್ನು ಮಾಸ್ಕು. ವಿಶ್ವ ಆರೋಗ್ಯ ಸಂಸ್ಥೆಯೂ ನಮ್ಮ ಕೇಂದ್ರ ಆರೋಗ್ಯ ಇಲಾಖೆಯೂ ಹೇಳುವುದು ಹೆಚ್ಚುಕಡಿಮೆ ಒಂದೇ. ಐದು ವರ್ಷ ಮತ್ತು ಅದರೊಳಗಿನವರಿಗೆ ಬೇಡ. ಆರರಿಂದ ಹನ್ನೊಂದರವರು ದೊಡ್ಡವರ ಕಣ್ಗಾವಲಿನಲ್ಲಿ ಹಾಕಬಹುದು. ಹನ್ನೆರಡು ದಾಟಿದವರು ದೊಡ್ಡವರ ಹಾಗೆಯೇ. ನಿಮ್ಮ ಮಗಳು ನಡುವಿನ ಗುಂಪಿನವಳು, ಶಾಲೆಯಲ್ಲೂ ಕಡ್ಡಾಯ ಮಾಡಿದ್ದಾರೆ. ಕ್ಲಾಸಿನೊಳಗೆ ಹಾಕಲಿ, ಒಂದೇ ಸಾಕು. ಬಯಲಲ್ಲಿ ಓಡಿ ಆಡುವಾಗ, ಉಣ್ಣುವಾಗ ತೆಗೆಯಲಿ. ಅತ್ತೆಗೆ ಹೇಳಿ, ಮೂಗಿಗೆ ಸರಿ ಕೂರುವ ಹತ್ತಿಬಟ್ಟೆಯ ಮಾಸ್ಕಿನಲ್ಲಿ ಆರೋಗ್ಯವಂತ ಮಗುವಿಗೆ ಉಸಿರು ಕಟ್ಟುವುದಿಲ್ಲ. ಯಜಮಾನರಿಗೆ ಹೇಳಿ, ಎರಡು ಹಾಕಿಸಿದರೆ ಅವಳು ಹತ್ತು ನಿಮಿಷಕ್ಕೆ ಎರಡನ್ನೂ ಗಲ್ಲಕ್ಕೆ ಇಳಿಸುತ್ತಾಳೆ. ಎರಡು ಮಾಸ್ಕಿನ ಅಕ್ಕರೆಯನ್ನು ಅವರು ಬಸ್ಸು ಹತ್ತುವ ಮಗನಿಗೂ, ಮಂಡಿಗೆ ಹೋಗುವ ತಮಗೂ ತೋರಿಸಲಿ.

ಈ ಸೋಮವಾರ ನಾನೂ ತಡೆಯಲಾರದೆ ನಮ್ಮ ಮನೆ ಹತ್ತಿರದ ಶಾಲೆಗೆ ಹೋಗಿದ್ದೆ. ಎರಡು ಮಳೆಗಾಲ ಮೂಲೆಯಲ್ಲಿ ಬಿದ್ದಿದ್ದ ಬ್ಯಾಗುಗಳಿಗೆ ಬೂಷ್ಟು ಹಿಡಿದು ಬೆಳ್ಳಗಾಗಿತ್ತು. ಹುಡುಗನೊಬ್ಬನ ಚಡ್ಡಿ ಸೊಂಟಕ್ಕೆ ಸಾಲದೆ ಅಮ್ಮ ದಾರ ಕಟ್ಟಿ ಕಳಿಸಿದ್ದರು. ಒಂದು ಹುಡುಗಿಯ ಮಾಸ್ಕಿನ ಮೇಲೆ ಚಿಟ್ಟೆಯ ಚಿತ್ರವಿತ್ತು. ಶಾಲೆ ಬಿಡುವ ಹೊತ್ತಿಗೆ ಅದೇ ಚಿಟ್ಟೆ ಮೂರನೇ ಹುಡುಗಿಯ ಮುಖದ ಮೇಲಿತ್ತು! ಮಕ್ಕಳು ಪೆನ್ಸಿಲ್ ಬದಲಾಯಿಸಿಕೊಂಡ ಹಾಗೆ ಮಾಸ್ಕನ್ನೂ ಬದಲಾಯಿಸಿಕೊಳ್ಳುತ್ತವೆ. ಆದ್ದರಿಂದ ಚಂದದ್ದು ಬೇಡ, ಸಾದಾ ಮೂರು ಹೊಲಿಸಿ. ಅಂಚಿಗೆ ಬಣ್ಣದ ದಾರದಲ್ಲಿ ಅವಳ ಹೆಸರಿನ ಮೊದಲಕ್ಷರ ಹಾಕಿ. ಒಂದು ಮುಖಕ್ಕೆ, ಒಂದು ಪ್ಲಾಸ್ಟಿಕ್ ಕವರಿನಲ್ಲಿ ಬ್ಯಾಗಿಗೆ. ದಾರಿಯಲ್ಲಿ ಮಳೆಗೆ ಒದ್ದೆಯಾದ ಮಾಸ್ಕಿನಲ್ಲೇ ಕೂರಿಸಬಾರದು, ಆಗ ನಿಜವಾಗಿಯೂ ಉಸಿರಾಡುವುದು ಕಷ್ಟ. ಮೂರನೆಯದು ಒಣಗುತ್ತಿರಲಿ, ಆದರೆ ಬಚ್ಚಲೊಲೆಯ ಮೇಲೆ ಬೇಡ. ಹೊಗೆ ವಾಸನೆ ಹಿಡಿದರೆ ಮೂಗಿನ ಹತ್ತಿರಕ್ಕೂ ತರುವುದಿಲ್ಲ ಅವು.

ಮನೆಗೆ ಬಂದ ಕೂಡಲೇ ಕೈಕಾಲು ಮುಖ ತೊಳೆದು, ಆಮೇಲೆ ಅಜ್ಜಿಯ ಹತ್ತಿರ ಹೋಗಲಿ. ಯಾರಿಗೇ ಜ್ವರ, ಶೀತ ಬಂದರೂ ಅಷ್ಟು ದಿನ ಅವರು ಅಜ್ಜಿಯ ಕೋಣೆಯಲ್ಲಿ ಮಲಗುವುದು ಬೇಡ. ಮಗಳಿಗೇ ಬಂದರೆ ಶಾಲೆಗೂ ಕಳಿಸಬೇಡಿ. ಹಾಜರಿ ಕಡ್ಡಾಯವಲ್ಲ, ಯಾರೂ ಬೈಯುವುದಿಲ್ಲ.

ಇಷ್ಟೆಲ್ಲ ಆಗಿಯೂ ಅವರು ಒಪ್ಪದಿದ್ದರೆ? ದೀಪಾವಳಿಯ ತನಕ ಕಾಯಿರಿ. ಅಷ್ಟರಲ್ಲಿ ಅಜ್ಜಿಯ ಡೋಸ್ ಮುಗಿಸಿ. ಆಗಲೂ ‘ಇಲ್ಲ’ ಎಂದರೆ ಕಪಾಟಿನ ಮೇಲಿಂದ ಪತ್ರ ಇಳಿಸಿ, ಅವರ ಎದುರಿಗೇ ಕೂತು, ‘ನಾನು ಸಹಿ ಹಾಕ್ತಾ ಇದ್ದೀನಿ, ನಾಳೆಯಿಂದ ಕಳಿಸ್ತೀನಿ’ ಎಂದು ಹೇಳಿ ಸಹಿ ಹಾಕಿ. ಜಗಳವಾದರೆ ಆಗಲಿ. ಎದುರಿಗೆ ನಿಂತು ಆಡಿದ ಜಗಳ ಒಂದು ವಾರಕ್ಕೆ ತಣ್ಣಗಾಗುತ್ತದೆ. ಕದ್ದು ಮಾಡಿದ ಸಹಿಯನ್ನು ಅವರು ವರ್ಷಗಟ್ಟಲೆ ಎತ್ತಿ ಆಡುತ್ತಾರೆ, ಅದೂ ಮಗಳ ಎದುರಿಗೆ.

ನನಗನ್ನಿಸುವುದು ಅಲ್ಲಿಯ ತನಕ ಹೋಗುವುದಿಲ್ಲ ಎಂದು. ಆ ಚೀಟಿಯನ್ನು ಮಾತ್ರ ಫೋಟೋ ಕೆಳಗಿಂದ ತೆಗೆಯಬೇಡಿ, ನೀವು ತಿದ್ದಲೂ ಬೇಡಿ. ಶಾಲೆಯಲ್ಲಿ ಡಕ್ಕೆ ಡ ಒತ್ತು, ಪಕ್ಕೆ ಪ ಒತ್ತು ಕಲಿತು ಬಂದ ದಿನ ಅವಳೇ ತಿದ್ದುತ್ತಾಳೆ, ಆಗ ಅವಳಪ್ಪ ಪಕ್ಕದಲ್ಲಿರುವ ಹಾಗೆ ನೋಡಿಕೊಳ್ಳಿ.

ಹದಿನೈದು ದಿನ ಬಿಟ್ಟು ನನಗೆ ಮತ್ತೆ ಬರೆಯಿರಿ. ಅತ್ತೆಯ ಎರಡನೇ ಡೋಸ್ ಆಯಿತೋ ಇಲ್ಲವೋ, ಮೊದಲ ಸಾಲಿನಲ್ಲಿ ಅದನ್ನೇ ತಿಳಿಸಿ.